ಹಿಂದಿರುಗದ ದಾರಿಯ ಲೆಕ್ಕ

ಲೋಟದಲ್ಲಿಟ್ಟ ಬಿಸಿ ಕಾಫಿ ಆರುತ್ತದೆ. ಆರಿದ ಕಾಫಿ ಸುತ್ತಲಿನ ಗಾಳಿಯಿಂದ ಶಾಖವನ್ನು ಮರಳಿ ಪಡೆದು ತಾನಾಗಿ ಬಿಸಿಯಾದುದನ್ನು ಯಾರೂ ಕಂಡಿಲ್ಲ. ದೇವರ ಮನೆಯಲ್ಲಿ ಹಚ್ಚಿದ ಊದುಬತ್ತಿಯ ಪರಿಮಳ ಪಡಸಾಲೆಯನ್ನೆಲ್ಲ ತುಂಬುತ್ತದೆ. ತುಂಬಿದ ಪರಿಮಳ ಮತ್ತೆ ಬಂದು ಕಡ್ಡಿಯನ್ನು ಸೇರುವುದಿಲ್ಲ. ಇಷ್ಟು ಪರಿಚಿತವಾದ ಸಂಗತಿಯಲ್ಲಿ ವಿಚಾರ ಮಾಡಬೇಕಾದುದೇನಿದೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಅರುವತ್ತು ವರ್ಷ ತುಂಬುವವರೆಗೆ ನನಗೂ ಹಾಗೆಯೇ ಅನ್ನಿಸಿತ್ತು.

ಕಾಲೇಜಿನಲ್ಲಿ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿ ನಿವೃತ್ತನಾದ ನಾನು ಭೌತವಿಜ್ಞಾನದ ಈ ವಿಭಾಗದ ಬಾಗಿಲಿಗೆ ಬಂದುದು ಜಿಜ್ಞಾಸೆಯಿಂದಲ್ಲ, ನನ್ನ ಅಣ್ಣನ ಕಾಯಿಲೆಯಿಂದ. ಅಣ್ಣನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಡಯಾಲಿಸಿಸ್ ಆಗಬೇಕೆಂದರು. ಮೊದಲ ದಿನ ಯಂತ್ರವನ್ನು ಎರಡೇ ಗಂಟೆ, ಅದೂ ನಿಧಾನಗತಿಯಲ್ಲಿ ನಡೆಸುವುದಾಗಿ ವೈದ್ಯೆ ಹೇಳಿದಾಗ ಅಣ್ಣನಿಗೆ ಸಮಾಧಾನವಾಗಲಿಲ್ಲ. ಅಂಚೆ ಇಲಾಖೆಯಲ್ಲಿ ದುಡಿದವನು. ಕೆಲಸ ಬಾಕಿ ಉಳಿಯುವುದನ್ನು ಸಹಿಸದವನು. "ಅಲ್ಲಮ್ಮಾ, ಎರಡು ಗಂಟೆಗೆ ಇಷ್ಟು ಕಲ್ಮಶ ಹೋಗೋದಾದ್ರೆ ಆರು ಗಂಟೆ ಇಟ್ಟು ಒಂದೇ ದಿನಕ್ಕೆ ಪೂರ್ತಿ ತೆಗೆದುಬಿಡಬಾರದೆ?" ಎಂದು ಕೇಳಿದ. "ಬೇಡಿ ಸರ್, ಅವಸರ ಮಾಡಿದ್ರೆ ಮಿದುಳಿಗೆ ನೀರು ಸೇರುತ್ತೆ" ಎಂದು ಆಕೆ ಹೇಳಿ ಮುಂದಿನ ಹಾಸಿಗೆಯತ್ತ ಹೋದರು. ರಕ್ತವನ್ನು ಶುದ್ಧಿ ಮಾಡಿದರೆ ಮಿದುಳಿಗೆ ಏಕೆ ನೀರು ಸೇರಬೇಕು? ಈ ಪ್ರಶ್ನೆಯನ್ನು ಹೊತ್ತು ನಾನು ನೆರೆಮನೆಯ ಭೌತವಿಜ್ಞಾನದ ಅಧ್ಯಾಪಕ ಮಿತ್ರರ ಬಳಿಗೆ ಹೋದೆ. ಅವರು ಉತ್ತರ ಹೇಳಲಿಲ್ಲ. ಒಂದು ಪುಸ್ತಕ ಕೊಟ್ಟರು. ಅದರಲ್ಲಿನ ಗಣಿತ ನನಗೆ ಅರ್ಧಕ್ಕಿಂತ ಹೆಚ್ಚು ಎಟುಕಲಿಲ್ಲ. ಎಟುಕಿದಷ್ಟನ್ನು ಇಲ್ಲಿ ಹೇಳುತ್ತಿದ್ದೇನೆ.

ಈ ಶಾಸ್ತ್ರಕ್ಕೆ ಕನ್ನಡದಲ್ಲಿ ಉಷ್ಣಗತಿಶಾಸ್ತ್ರ ಎಂಬ ಹೆಸರಿದೆ. ಹೆಸರಿನಲ್ಲಿ 'ಗತಿ' ಇದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಮೂಲಶಾಸ್ತ್ರದಲ್ಲಿ ಗತಿಯೇ ಇಲ್ಲವೆಂಬುದು ನನಗೆ ಮೊದಲು ಕಂಡ ವಿಚಿತ್ರ. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೊ ಉಗಿಯಂತ್ರವನ್ನು ಕುರಿತು ಬರೆದ ಸಣ್ಣ ಪುಸ್ತಕದಿಂದ ಇದು ಆರಂಭವಾಯಿತು. 1865ರಲ್ಲಿ ಜರ್ಮನಿಯ ಕ್ಲಾಸಿಯಸ್ 'ಎಂಟ್ರೊಪಿ' ಎಂಬ ಪದವನ್ನು ಟಂಕಿಸಿದ. ತಿರುಗುವಿಕೆ, ಮಾರ್ಪಾಡು ಎಂಬರ್ಥದ ಗ್ರೀಕ್ ಮಾತಿನಿಂದ, 'ಎನರ್ಜಿ'ಗೆ ಪ್ರಾಸವಾಗಲೆಂದು ಬೇಕೆಂದೇ ಆರಿಸಿದ ಪದ ಅದು. ಹೊರಗಿನ ಸಂಪರ್ಕವಿಲ್ಲದ ಯಾವ ವ್ಯವಸ್ಥೆಯಲ್ಲಿಯೂ ಎಂಟ್ರೊಪಿ ಕಡಿಮೆಯಾಗದು ಎಂಬುದು ಎರಡನೆಯ ನಿಯಮ. ಕಾಫಿ ಯಾವ ದಿಕ್ಕಿಗೆ ಹೋಗುತ್ತದೆಂಬುದನ್ನು ಈ ನಿಯಮ ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ ಆರುತ್ತದೆ ಎಂದು ಕೇಳಿದರೆ ಸುಮ್ಮನಿರುತ್ತದೆ. ಅದಕ್ಕೆ ಆದಿ ಗೊತ್ತು, ಅಂತ್ಯ ಗೊತ್ತು. ನಡುವಿನ ಪ್ರಯಾಣ ಗೊತ್ತಿಲ್ಲ. ಗಡಿಯಾರವಿಲ್ಲದ ಶಾಸ್ತ್ರ.

ಗಡಿಯಾರವಿಲ್ಲದಿದ್ದರೆ ಆಗುವ ತೊಂದರೆಯೇನು? ಕಾರ್ನೊ ಕಲ್ಪಿಸಿದ ಆದರ್ಶ ಯಂತ್ರವನ್ನೇ ನೋಡಿ. ಶಾಖದಿಂದ ಪಡೆಯಬಹುದಾದ ಕೆಲಸದ ಪರಮಾವಧಿಯನ್ನು ಅದು ಕೊಡುತ್ತದೆ. ಆದರೆ ಅದಕ್ಕಾಗಿ ಅದರ ಪ್ರತಿಯೊಂದು ಹೆಜ್ಜೆಯೂ ಹಿಂದಿರುಗಿಸಬಹುದಾದಷ್ಟು ಮೆಲ್ಲಗೆ, ಎಂದರೆ ಅನಂತ ಕಾಲ ಹಿಡಿಯುವಷ್ಟು ಮೆಲ್ಲಗೆ ನಡೆಯಬೇಕು. ಅಂಥ ಯಂತ್ರದಿಂದ ಒಂದು ದೀಪವೂ ಹೊತ್ತದು. 1975ರಲ್ಲಿ ಕೆನಡಾದ ಕರ್ಜನ್ ಮತ್ತು ಆಲ್‌ಬಾರ್ನ್ ಎಂಬಿಬ್ಬರು, ಯಂತ್ರದಿಂದ ಅತಿ ಹೆಚ್ಚು ಕೆಲಸವನ್ನು ಅತಿ ಬೇಗ ಪಡೆಯಬೇಕಾದರೆ ದಕ್ಷತೆ ಎಷ್ಟಿರುತ್ತದೆಂದು ಲೆಕ್ಕ ಹಾಕಿದರು. ಇಂಗ್ಲೆಂಡಿನ ವೆಸ್ಟ್ ಥರಕ್ ಎಂಬಲ್ಲಿನ ಕಲ್ಲಿದ್ದಲು ವಿದ್ಯುತ್ ಕೇಂದ್ರವನ್ನು ಉದಾಹರಣೆಯಾಗಿ ಕೊಟ್ಟರು. ಉಗಿಯ ಉಷ್ಣತೆ 565 ಡಿಗ್ರಿ ಸೆಲ್ಸಿಯಸ್, ತಣ್ಣೀರಿನದು 25. ಕಾರ್ನೊನ ಲೆಕ್ಕದಂತೆ ನೂರಕ್ಕೆ 64 ಪಾಲು ದಕ್ಕಬೇಕಾಗಿತ್ತು. ಇವರ ಲೆಕ್ಕದಂತೆ 40. ಕೇಂದ್ರದಲ್ಲಿ ನಿಜವಾಗಿ ದಕ್ಕುತ್ತಿದ್ದುದು 36. ಅರುವತ್ತನಾಲ್ಕಕ್ಕೂ ನಲವತ್ತಕ್ಕೂ ನಡುವಿನ ಅಂತರ ಯಾರ ಅಸಡ್ಡೆಯಿಂದಲೂ ಆದುದಲ್ಲ. ದೀಪ ಈ ಸಂಜೆಯೇ ಹೊತ್ತಬೇಕೆಂಬ ನಮ್ಮ ಬಯಕೆಯ ಬೆಲೆ ಅದು.

ಈ ಬೆಲೆಯ ಲೆಕ್ಕವನ್ನು ಹಿಡಿಯುವ ಶಾಸ್ತ್ರಕ್ಕೆ ಅಪರಾವರ್ತನೀಯ ಉಷ್ಣಗತಿಶಾಸ್ತ್ರವೆಂದು ಹೆಸರು. ಬಾಯಿಗೆ ಒರಟಾದ ಮಾತು, ನನಗೂ ಇಷ್ಟವಿಲ್ಲ. ಹಿಂದಿರುಗದ ಕ್ರಿಯೆಗಳ ಶಾಸ್ತ್ರ ಎಂದುಕೊಂಡರೆ ಸಾಕು. ಇದರ ಮೂಲಭಾವನೆ ಸರಳ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹರಿವು ಇರುತ್ತದೆ. ಉಷ್ಣತೆಯಲ್ಲಿ ವ್ಯತ್ಯಾಸವಿದ್ದರೆ ಶಾಖ ಹರಿಯುತ್ತದೆಂದು ಫೂರಿಯೆ 1822ರಲ್ಲಿ ಹೇಳಿದ್ದ. ವಿದ್ಯುತ್ತಿನ ಒತ್ತಡದಲ್ಲಿ ವ್ಯತ್ಯಾಸವಿದ್ದರೆ ವಿದ್ಯುತ್ತು ಹರಿಯುತ್ತದೆಂದು ಓಮ್ 1827ರಲ್ಲಿ, ದ್ರಾವಣದ ಸಾಂದ್ರತೆಯಲ್ಲಿ ವ್ಯತ್ಯಾಸವಿದ್ದರೆ ಕರಗಿದ ವಸ್ತು ಹರಿಯುತ್ತದೆಂದು ಫಿಕ್ 1855ರಲ್ಲಿ ಹೇಳಿದರು. ವ್ಯತ್ಯಾಸ ಇಮ್ಮಡಿಯಾದರೆ ಹರಿವೂ ಇಮ್ಮಡಿ. ಮೂರು ನಿಯಮಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ.

ಆದರೆ ಲೋಕದಲ್ಲಿ ಹರಿವುಗಳು ಒಂಟಿಯಾಗಿ ಹರಿಯುವುದಿಲ್ಲ. 1821ರಲ್ಲಿ ಬರ್ಲಿನ್ನಿನ ಸೇಬೆಕ್ ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕಾಯಿಸಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ಅಲುಗಿತು. ಅವನು ಅದನ್ನು ಕಾಂತಶಕ್ತಿಯೆಂದು ಭ್ರಮಿಸಿದ. ನಿಜದಲ್ಲಿ ಉಷ್ಣತೆಯ ವ್ಯತ್ಯಾಸ ವಿದ್ಯುತ್ತನ್ನು ಹರಿಸಿತ್ತು. 1834ರಲ್ಲಿ ಪ್ಯಾರಿಸ್ಸಿನ ಪೆಲ್ತಿಯೆ, ಮೊದಲು ಗಡಿಯಾರದ ಕೆಲಸ ಮಾಡುತ್ತಿದ್ದವನು, ಇದರ ತಿರುವುಮುರುವನ್ನು ಕಂಡ. ವಿದ್ಯುತ್ತನ್ನು ಹರಿಸಿದರೆ ಒಂದು ಬೆಸುಗೆ ಬಿಸಿಯಾಗುತ್ತದೆ, ಇನ್ನೊಂದು ತಣ್ಣಗಾಗುತ್ತದೆ. ಎಂದರೆ ಶಾಖದ ಪ್ರೇರಣೆ ವಿದ್ಯುತ್ತನ್ನು ಎಳೆಯುತ್ತದೆ, ವಿದ್ಯುತ್ತಿನ ಪ್ರೇರಣೆ ಶಾಖವನ್ನು ಎಳೆಯುತ್ತದೆ. ಈ ಎರಡು ಎಳೆತಗಳಿಗೂ ಸಂಬಂಧವಿದೆಯೆ? ಇದೆ ಎಂದು ವಿಲಿಯಂ ಥಾಮ್ಸನ್, ಮುಂದೆ ಕೆಲ್ವಿನ್ ಪ್ರಭು ಎನಿಸಿದವನು, 1854ರಲ್ಲಿ ಒಂದು ಸಮೀಕರಣ ಬರೆದ. ಪ್ರಯೋಗಗಳು ಅದನ್ನು ಒಪ್ಪಿದವು. ಆದರೆ ತನ್ನ ತರ್ಕದಲ್ಲಿ ಒಂದು ಕಣ್ಣುಮುಚ್ಚಾಲೆಯಿದೆಯೆಂದು ಥಾಮ್ಸನ್ನನಿಗೇ ಗೊತ್ತಿತ್ತು. ಲೋಹದಲ್ಲಿ ಹಿಂದಿರುಗಲಾರದಂತೆ ಸೋರುವ ಶಾಖವನ್ನು ಅವನು ಲೆಕ್ಕದಿಂದ ಬದಿಗಿರಿಸಿದ್ದ. ಉತ್ತರ ಸರಿ, ದಾರಿ ಅನುಮಾನ. ಗಣಿತದ ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಪೂರ್ತಿ ಅಂಕ ಕೊಡುವುದಿಲ್ಲ. ಪ್ರಕೃತಿ ಮಾತ್ರ ಎಪ್ಪತ್ತೇಳು ವರ್ಷ ಕೊಟ್ಟುಕೊಂಡೇ ಬಂತು.

ಅನುಮಾನ ಪರಿಹರಿಸಿದವನು ಲಾರ್ಸ್ ಆನ್ಸಾಗರ್. 1903ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಗೆ ಹೋದವನು. ಒಂದು ದ್ರವದಲ್ಲಿ ಅಣುಗಳ ಚಲನೆಯನ್ನು ಚಿತ್ರ ತೆಗೆದು ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿದರೂ ಅಣುಗಳ ಮಟ್ಟದಲ್ಲಿ ಅದು ಅಸಂಗತವಾಗಿ ಕಾಣುವುದಿಲ್ಲ. ಎರಡು ಅಣುಗಳ ಡಿಕ್ಕಿಗೆ ಹಿಂದು ಮುಂದು ಇಲ್ಲ. ಈ ಒಂದು ಸಂಗತಿಯನ್ನು ಹಿಡಿದು ಆನ್ಸಾಗರ್ 1931ರಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿದ. ಮೊದಲನೆಯ ಪ್ರೇರಣೆ ಎರಡನೆಯ ಹರಿವನ್ನು ಎಷ್ಟು ಎಳೆಯುತ್ತದೆಯೋ ಎರಡನೆಯ ಪ್ರೇರಣೆ ಮೊದಲನೆಯ ಹರಿವನ್ನು ಅಷ್ಟೇ ಎಳೆಯುತ್ತದೆ, ಪ್ರೇರಣೆಗಳನ್ನೂ ಹರಿವುಗಳನ್ನೂ ಸರಿಯಾದ ಮಾನದಲ್ಲಿ ಅಳೆದರೆ. ಇದೇ ಪರಸ್ಪರತೆಯ ನಿಯಮ. ಹಿಂದಿರುಗದ ಲೋಕದೊಳಗೆ, ಹಿಂದಿರುಗಬಲ್ಲ ಅಣುಗಳು ಬಿಟ್ಟುಹೋದ ಗುರುತು ಇದು ಎನ್ನಬಹುದು.

ಆ ಲೇಖನಗಳನ್ನು ಆಗ ಬಹಳ ಜನ ಓದಲಿಲ್ಲ. ಆರ್ಥಿಕ ಕುಸಿತದ ದಿನಗಳಲ್ಲಿ, 1933ರಲ್ಲಿ, ಆನ್ಸಾಗರನ ಕೆಲಸ ಹೋಯಿತು. ಯೇಲ್ ವಿಶ್ವವಿದ್ಯಾಲಯ ಸೇರಿಸಿಕೊಂಡ ಮೇಲೆ ಅವನಿಗೆ ಪಿಎಚ್.ಡಿ. ಇಲ್ಲವೆಂಬುದು ಬೆಳಕಿಗೆ ಬಂತು! ಪರಸ್ಪರತೆಯ ನಿಯಮವನ್ನು ಅವನು ತಾನು ಕಲಿತ ಟ್ರೊಂಡ್‌ಹೈಮ್ ನಗರದ ತಾಂತ್ರಿಕ ವಿದ್ಯಾಲಯಕ್ಕೆ ಡಾಕ್ಟರೇಟಿಗಾಗಿ ಸಲ್ಲಿಸಿದ್ದ. ಅದು ಸಾಲದೆಂದು ಅವರು ಒಪ್ಪಿರಲಿಲ್ಲ. ಕೊನೆಗೆ ಬೇರೆಯೇ ವಿಷಯದ ಮೇಲೆ ಬರೆದು 1935ರಲ್ಲಿ ಯೇಲ್‌ನಿಂದ ಪದವಿ ಪಡೆದ. ಸಾಲದೆಂದು ಹಿಂದೆ ಬಂದ ಅದೇ ಕೆಲಸಕ್ಕೆ 1968ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಪ್ರಬಂಧಗಳ ಮೌಲ್ಯಮಾಪನ ಮಾಡಿದವನಾಗಿ ಈ ಪ್ರಸಂಗವನ್ನು ಓದುವಾಗ ನನಗೆ ಒಳಗೇ ಮುಜುಗರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆನ್ಸಾಗರನ ಪಾಠವೂ ಸುಲಭವಾಗಿರಲಿಲ್ಲವಂತೆ. ಯೇಲ್‌ನ ವಿದ್ಯಾರ್ಥಿಗಳು ಅವನ ತರಗತಿಗಳನ್ನು 'ನಾರ್ವೇಜಿಯನ್ ಒಂದು', 'ನಾರ್ವೇಜಿಯನ್ ಎರಡು' ಎಂದು ಕರೆಯುತ್ತಿದ್ದರು.

ಈ ಎಳೆತಗಳಿಂದ ಪ್ರಯೋಜನವೇನು? ಸೇಬೆಕ್ ಕಂಡುದರ ದೊಡ್ಡ ಉದಾಹರಣೆ ಆಕಾಶದಲ್ಲಿದೆ. 1977ರಲ್ಲಿ ಉಡಾಯಿಸಿದ ಎರಡು ವಾಯೇಜರ್ ನೌಕೆಗಳು ಸೂರ್ಯನ ಬೆಳಕು ಕೆಲಸಕ್ಕೆ ಬಾರದಷ್ಟು ದೂರ ಹೋದವು. ಅವುಗಳಲ್ಲಿ ಪ್ಲುಟೋನಿಯಂ ತಾನಾಗಿ ಕ್ಷಯಿಸುತ್ತ ಬಿಸಿಯಾಗಿರುತ್ತದೆ, ಹೊರಗೆ ಆಕಾಶದ ಚಳಿ; ನಡುವೆ ಸಿಲಿಕಾನ್ ಮತ್ತು ಜರ್ಮೇನಿಯಂ ಬೆರಕೆಯ ಬೆಸುಗೆಗಳು ಆ ವ್ಯತ್ಯಾಸದಿಂದ ವಿದ್ಯುತ್ತು ತೆಗೆಯುತ್ತವೆ. ಹೊರಟಾಗ ಸುಮಾರು 470 ವಾಟ್ ಇತ್ತು, ವರ್ಷವರ್ಷಕ್ಕೆ ಇಳಿಯುತ್ತಿದೆ. ತಿರುಗುವ, ಸವೆಯುವ ಒಂದು ಬಿಡಿಭಾಗವೂ ಆ ವಿದ್ಯುತ್ ಉತ್ಪಾದಕದಲ್ಲಿಲ್ಲ. ಪೆಲ್ತಿಯೆ ಕಂಡುದು ಸದ್ದಿಲ್ಲದ ಪುಟ್ಟ ಶೀತಕಗಳಲ್ಲಿದೆ. ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ಸಂಗತಿ, ಉಷ್ಣತೆಯ ವ್ಯತ್ಯಾಸ ಹಗುರ ಅಣುಗಳನ್ನೂ ಭಾರದ ಅಣುಗಳನ್ನೂ ಬೇರ್ಪಡಿಸುವುದು. 1944ರಲ್ಲಿ ಅಮೆರಿಕದ ಓಕ್ ರಿಜ್ ಎಂಬಲ್ಲಿ 48 ಅಡಿ ಎತ್ತರದ 2,142 ಕೊಳವೆಗಳನ್ನು ನಿಲ್ಲಿಸಿ, ಒಳಗೆ ಉಗಿ, ಹೊರಗೆ ತಣ್ಣೀರು ಹರಿಸಿ ಯುರೇನಿಯಂ ಅನ್ನು ಸ್ವಲ್ಪಮಟ್ಟಿಗೆ ಹಸನುಗೊಳಿಸಿದರು. ಅದು ಮುಂದಿನ ಹಂತಗಳನ್ನು ದಾಟಿ ಹಿರೋಷಿಮಾದ ಬಾಂಬಿಗೆ ಸೇರಿತು. ಉಗಿಯನ್ನು ವಿಪರೀತವಾಗಿ ನುಂಗುತ್ತಿದ್ದ ಆ ಸ್ಥಾವರವನ್ನು 1945ರಲ್ಲಿಯೇ ಮುಚ್ಚಿದರು.

ನಾನು ಹುಡುಕಿಕೊಂಡು ಹೋದುದು ಲೋಹಗಳನ್ನಲ್ಲ, ಪೊರೆಗಳನ್ನು. ಅಲ್ಲಿಗೆ ಬರುತ್ತೇನೆ.

ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟ ಜಾಡಿಯನ್ನು ನೆನಪಿಸಿಕೊಳ್ಳಿ. ಕೆಲವು ದಿನಗಳಲ್ಲಿ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಉಪ್ಪು ಅದರೊಳಕ್ಕೆ ಇಳಿಯುವುದು ಆಮೇಲೆ, ನಿಧಾನವಾಗಿ. ಮಿಡಿಯ ಜೀವಕೋಶಗಳ ಪೊರೆಗಳಲ್ಲಿ ನೀರಿಗೆ ಅಗಲವಾದ ದಾರಿಯಿದೆ, ಉಪ್ಪಿಗೆ ಇಕ್ಕಟ್ಟಾದ ದಾರಿ. ಹರಿವು ಎರಡು, ಪ್ರೇರಣೆಗಳೂ ಎರಡು: ಒತ್ತಡದ ವ್ಯತ್ಯಾಸ, ಸಾಂದ್ರತೆಯ ವ್ಯತ್ಯಾಸ. ಹರಿಯುವ ನೀರು ಉಪ್ಪನ್ನೂ ಒಂದಿಷ್ಟು ಎಳೆದುಕೊಂಡು ಹೋಗುತ್ತದೆ, ಉಪ್ಪು ನೀರನ್ನು. ಇದನ್ನೆಲ್ಲ ಬರೆಯಲು ನಾಲ್ಕು ಗುಣಾಂಕಗಳು ಬೇಕು. ಆನ್ಸಾಗರನ ನಿಯಮದಿಂದ ಅಡ್ಡ ಎಳೆತಗಳೆರಡೂ ಒಂದೇ ಆಗುವುದರಿಂದ ಮೂರು ಸಾಕು. 1958ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿದ್ದ ಓರಾ ಕೆಡೆಮ್ ಮತ್ತು ಆಹರೋನ್ ಕಚಾಲ್ಸ್ಕಿ ಈ ಮೂರನ್ನು ಸ್ಪಷ್ಟವಾಗಿ ನಿರೂಪಿಸಿದರು. ಒಂದು, ಪೊರೆ ನೀರನ್ನು ಎಷ್ಟು ಬಿಡುತ್ತದೆ. ಎರಡು, ಕರಗಿದ ವಸ್ತುವನ್ನು ಎಷ್ಟು ಬಿಡುತ್ತದೆ. ಮೂರನೆಯದು ಅತ್ಯಂತ ಸ್ವಾರಸ್ಯದ್ದು: ಪೊರೆ ಆ ವಸ್ತುವನ್ನು ಎಷ್ಟರಮಟ್ಟಿಗೆ ಗುರುತಿಸಿ ಹಿಂದಕ್ಕೆ ತಳ್ಳುತ್ತದೆ. ಒಂದು ಎಂದರೆ ಪೂರ್ತಿ ತಡೆ. ಸೊನ್ನೆ ಎಂದರೆ ನೀರಿಗೂ ಅದಕ್ಕೂ ಭೇದವೇ ಇಲ್ಲ. ಜೀವಂತ ಪೊರೆಗಳ ಅನೇಕ ವ್ಯವಹಾರಗಳು ಇವೆರಡರ ನಡುವೆ ನಡೆಯುತ್ತವೆ.

ಮಿತ್ರರು ನನಗೆ ಕೊಟ್ಟ ಪುಸ್ತಕ ಕಚಾಲ್ಸ್ಕಿ ತನ್ನ ಸಹೋದ್ಯೋಗಿ ಕರನ್ ಜೊತೆ 1965ರಲ್ಲಿ ಪ್ರಕಟಿಸಿದುದು. ಪೊರೆಗಳ ವಿವೇಕವನ್ನು ಅಷ್ಟು ನಯವಾಗಿ ವಿವರಿಸಿದ ಆ ಮನುಷ್ಯ 1972ರ ಮೇ 30ರಂದು ಲಾಡ್ ವಿಮಾನ ನಿಲ್ದಾಣದಲ್ಲಿ ಭಯೋತ್ಪಾದಕರ ಗುಂಡಿಗೆ ಬಲಿಯಾದ. ಈ ಸಂಗತಿ ತಿಳಿದ ಮೇಲೆ ಪುಸ್ತಕವನ್ನು ಮೊದಲಿನಂತೆ ಓದಲು ನನಗೆ ಸಾಧ್ಯವಾಗಲಿಲ್ಲ.

ಉಪ್ಪಿನಕಾಯಿಯ ಜಾಡಿಯಲ್ಲಿ ನೀರು ಉಪ್ಪಿನ ಕಡೆಗೆ ಹೋಗುತ್ತದೆ. ಉಪ್ಪುನೀರಿನ ಮೇಲೆ ಬಲವಾಗಿ ಒತ್ತಿದರೆ ನೀರು ತಿರುಗಿ ಸಿಹಿಯ ಕಡೆಗೆ ಬರುತ್ತದೆ. ನಾವು 'ಆರ್.ಓ. ನೀರು' ಎನ್ನುವುದು ಇದನ್ನೇ. ಇದಕ್ಕೆ ಒಪ್ಪುವ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ತಯಾರಿಸಿದರು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರನ್ನು ಹಸನುಮಾಡಿ ಕೊಡುವ ಶುದ್ಧ ನೀರಿನ ಘಟಕಗಳಲ್ಲಿ ಜನ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಆ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿ ಕುಳಿತಿರುವುದು ಆ ಪೊರೆಯ ವಂಶಜ. ಅವಸರದ ಬೆಲೆ ಇಲ್ಲಿಯೂ ಇದೆ. ಸಮುದ್ರದ ನೀರಿನ ಅರ್ಧಭಾಗವನ್ನು ಸಿಹಿಯಾಗಿಸುವುದಾದರೆ ಸಾವಿರ ಲೀಟರ್ ಕುಡಿಯುವ ನೀರಿಗೆ ಪ್ರಕೃತಿ ಕೇಳುವ ಕನಿಷ್ಠ ವಿದ್ಯುತ್ತು ಸುಮಾರು 1 ಯೂನಿಟ್. ಅದು ಅನಂತ ನಿಧಾನದ ಲೆಕ್ಕ. ಇಂದಿನ ಒಳ್ಳೆಯ ಸ್ಥಾವರಗಳಿಗೆ 3ರಿಂದ 4 ಯೂನಿಟ್ ಬೇಕು. ಆರಂಭದ ದಿನಗಳಲ್ಲಿ ಇದರ ಹಲವು ಪಟ್ಟು ಬೇಕಾಗುತ್ತಿತ್ತು. ಚೆನ್ನೈ ನಗರಕ್ಕೆ ಸಮುದ್ರದ ನೀರನ್ನು ಸಿಹಿಮಾಡಿ ಕೊಡುವ ಮಿಂಜೂರು, ನೆಮ್ಮೇಲಿ ಸ್ಥಾವರಗಳು 2010 ಮತ್ತು 2013ರಲ್ಲಿ ಆರಂಭವಾದುವು. ಮನೆಗಳ ಗೋಡೆಗೆ ತೂಗುಹಾಕುವ ಪುಟ್ಟ ಯಂತ್ರಗಳ ವಿಷಯವನ್ನು ನಾನು ಹೊಗಳಲಾರೆ. ಅವುಗಳಲ್ಲಿ ಹಲವು ಲೋಟಕ್ಕೆ ಕೊಡುವುದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತವೆ.

ಇನ್ನು ಅಣ್ಣನ ಹಾಸಿಗೆಯ ಪಕ್ಕದ ಯಂತ್ರ. ಪ್ರಾಯೋಗಿಕವಾಗಿ ಉಪಯುಕ್ತವಾದ ಮೊದಲ ಡಯಾಲಿಸಿಸ್ ಯಂತ್ರವನ್ನು ಎರಡನೆಯ ಮಹಾಯುದ್ಧದ ನಡುವೆ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ವಿಲೆಂ ಕೋಲ್ಫ್ ಎಂಬ ವೈದ್ಯ ಮರದ ಪಟ್ಟಿಗಳ ಉರುಳೆ ಮಾಡಿ, ಮಾಂಸದ ಸಾಸೇಜಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನು ಅದಕ್ಕೆ ಸುತ್ತಿ ಕಟ್ಟಿದ. ಮೊದಲ ಹಲವು ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿಕೊಂಡರು. ಇಂದಿನ ಶೋಧಕ ಒಂದು ಮೊಳವೂ ಇಲ್ಲದ ಪಾರದರ್ಶಕ ಕೊಳವೆ. ಅದರೊಳಗೆ ಕೂದಲಿನಂಥ ಟೊಳ್ಳು ಎಳೆಗಳು ಸಾವಿರಾರು. ಎಳೆಗಳ ಒಳಗೆ ರಕ್ತ, ಹೊರಗೆ ಲವಣಗಳನ್ನು ಹದವಾಗಿ ಬೆರೆಸಿದ ನೀರು. ರಕ್ತ ಮೇಲಿನಿಂದ ಕೆಳಗೆ ಹರಿದರೆ ನೀರು ಕೆಳಗಿನಿಂದ ಮೇಲಕ್ಕೆ. ಎದುರು ಬದುರು ಏಕೆ? ಒಂದೇ ದಿಕ್ಕಿಗೆ ಹರಿಸಿದರೆ ಆರಂಭದಲ್ಲಿ ಯೂರಿಯಾದ ವ್ಯತ್ಯಾಸ ದೊಡ್ಡದಿರುತ್ತದೆ, ಕೊನೆಯಲ್ಲಿ ಇಲ್ಲವಾಗುತ್ತದೆ. ಅರ್ಧ ದಾರಿಗೇ ಕೆಲಸ ನಿಂತಂತೆ. ಎದುರಾಗಿ ಹರಿಸಿದರೆ ಒಂದಿಷ್ಟು ವ್ಯತ್ಯಾಸ ದಾರಿಯುದ್ದಕ್ಕೂ ಉಳಿದಿರುತ್ತದೆ. ಎಲ್ಲಿಯೂ ಅತಿಯಾದ ಧಾರೆಯಿಲ್ಲ, ಎಲ್ಲಿಯೂ ಬತ್ತಿದ ಹರಿವಿಲ್ಲ.

ಇದೇ ಉಪಾಯ ಹಾಲಿನ ಡೇರಿಯಲ್ಲಿದೆ. ಹಾಲನ್ನು 72 ಡಿಗ್ರಿಗೆ ಕಾಯಿಸಿ ಹದಿನೈದು ಸೆಕೆಂಡು ಇಟ್ಟು ಮತ್ತೆ ತಣಿಸಬೇಕು. ಒಳಕ್ಕೆ ಬರುವ ತಣ್ಣನೆಯ ಹಾಲನ್ನು ಹೊರಕ್ಕೆ ಹೋಗುವ ಬಿಸಿ ಹಾಲಿನ ಎದುರಿಗೆ, ತೆಳುವಾದ ತಗಡಿನ ಆಚೆ ಈಚೆ ಹರಿಸಿದರೆ ಬೇಕಾದ ಶಾಖದ ಬಹುಪಾಲು ಅಲ್ಲಿಯೇ ದಕ್ಕುತ್ತದೆ. ಎಂಟ್ರೊಪಿ ಎಲ್ಲೆಲ್ಲಿ ಹುಟ್ಟುತ್ತದೆಂದು ಪತ್ತೆ ಹಚ್ಚಿ, ಅದನ್ನು ಕಡಿಮೆ ಮಾಡುವಂತೆ ಯಂತ್ರಗಳನ್ನು ರೂಪಿಸುವುದು ಇಂದು ಎಂಜಿನಿಯರುಗಳಿಗೆ ಒಂದು ಶಾಸ್ತ್ರವೇ ಆಗಿದೆ. ಆನ್ಸಾಗರನ ಪ್ರಬಂಧವನ್ನು ಹಿಂದಿರುಗಿಸಿದ ಅದೇ ಟ್ರೊಂಡ್‌ಹೈಮ್ ಈಗ ಈ ಸಂಶೋಧನೆಯ ಒಂದು ಮುಖ್ಯ ನೆಲೆ. ಅಲ್ಲಿನವರು 2017ರಲ್ಲಿ ಹಿಮಸಾರಂಗದ ಮೂಗನ್ನು ಈ ಲೆಕ್ಕಕ್ಕೆ ಒಡ್ಡಿದರು. ಸುರುಳಿಸುರುಳಿಯಾದ ಆ ಮೂಗು, ಹೊರಬಿಡುವ ಉಸಿರಿನ ಶಾಖವನ್ನೂ ತೇವವನ್ನೂ ಉಳಿಸಿಕೊಳ್ಳುವುದರಲ್ಲಿ ಬರಿಯ ನೇರ ಕೊಳವೆಗಿಂತ ಬಹಳ ಮೇಲು ಎಂದು ಕಂಡುಬಂತು. ಎಂಜಿನಿಯರು ಕಲಿಯುವುದಕ್ಕೆ ಬಹಳ ಮುಂಚೆ ಪ್ರಾಣಿ ಕಲಿತಿತ್ತು.

ಇಲ್ಯ ಪ್ರಿಗೋಜಿನ್ ಹೆಸರನ್ನು ನಾನು ಇನ್ನೂ ಎತ್ತಲಿಲ್ಲವೆಂದು ಬಲ್ಲವರು ಆಕ್ಷೇಪಿಸಬಹುದು. 1917ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಬ್ರಸೆಲ್ಸ್‌ನಲ್ಲಿ ನೆಲೆಸಿದ ಆತನಿಗೆ 1977ರ ನೊಬೆಲ್ ಬಂತು. ಸಮತೋಲದಿಂದ ಬಹಳ ದೂರ ಸರಿದ ವ್ಯವಸ್ಥೆಯಲ್ಲಿ, ಶಕ್ತಿ ನಿರಂತರವಾಗಿ ಹಾದುಹೋಗುತ್ತಿದ್ದರೆ, ವ್ಯವಸ್ಥಿತ ವಿನ್ಯಾಸಗಳು ತಾವಾಗಿ ಮೂಡಬಹುದೆಂದು ಆತ ತೋರಿಸಿದ. ತೆಳುವಾಗಿ ಹರಡಿದ ದ್ರವವನ್ನು ಕೆಳಗಿನಿಂದ ಕಾಯಿಸಿದಾಗ ಅದರಲ್ಲಿ ಜೇನುಗೂಡಿನಂಥ ಆರು ಮೂಲೆಯ ಕೋಶಗಳು ಮೂಡುವುದನ್ನು ಬೆನಾರ್ 1900ರಲ್ಲಿಯೇ ಕಂಡಿದ್ದ. ಜೀವವೂ ಇಂಥ ಹರಿವಿನಲ್ಲಿ ನಿಂತ ವಿನ್ಯಾಸ ಎಂಬ ಮಾತು ಮನಸ್ಸನ್ನು ಸೆಳೆಯುತ್ತದೆ. ನಿಜ. ಆದರೆ ಎಂಟ್ರೊಪಿ ಎಂಬ ಪದವನ್ನು ನಾಗರಿಕತೆಯ ಅವನತಿಗೂ ಕಾವ್ಯದ ಶೈಥಿಲ್ಯಕ್ಕೂ ಅಂಟಿಸುವ ಸಾಹಿತ್ಯಲೇಖನಗಳನ್ನು ಸಾಕಷ್ಟು ಓದಿದ್ದೇನೆ, ಒಂದೆರಡನ್ನು ಬರೆದೂ ಇದ್ದೇನೆ. ಆನ್ಸಾಗರನ ನಿಯಮ ನಿಲ್ಲುವುದು ವ್ಯತ್ಯಾಸಗಳು ಅಲ್ಪವಾಗಿದ್ದು ಹರಿವು ಅವಕ್ಕೆ ಅನುಪಾತದಲ್ಲಿರುವಾಗ ಮಾತ್ರ. ಅದರಾಚೆಗೆ ಎಲ್ಲಕ್ಕೂ ಒಪ್ಪುವ ಅಂಥದೊಂದು ಸರಳ ನಿಯಮ ದೊರೆತಿಲ್ಲ. ಆ ಮಿತಿ ನೆನಪಿನಲ್ಲಿದ್ದರೆ ನಾಗರಿಕತೆಯನ್ನು ಕುರಿತು ಮಾತನಾಡುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ಮಿದುಳಿಗೆ ನೀರು ಸೇರುವುದೇಕೆ ಎಂಬುದು ಕೊನೆಗೆ ತಿಳಿಯಿತು. ಶೋಧಕದ ಪೊರೆಗೆ ಯೂರಿಯಾ ಹೆಚ್ಚುಕಡಿಮೆ ನೀರಿನಂತೆಯೇ. ಅದನ್ನು ತಡೆಯದೆ ಬಿಡುತ್ತದೆ. ರಕ್ತಕ್ಕೂ ಮಿದುಳಿಗೂ ನಡುವಿನ ಪೊರೆ ಹಾಗಲ್ಲ. ಅಲ್ಲಿ ಆ ಮೂರನೆಯ ಗುಣಾಂಕ ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಯಂತ್ರವನ್ನು ಜೋರಾಗಿ ನಡೆಸಿದರೆ ರಕ್ತದಲ್ಲಿನ ಯೂರಿಯಾ ಸರಸರನೆ ಇಳಿದುಬಿಡುತ್ತದೆ. ಮಿದುಳಿನದು ಇಕ್ಕಟ್ಟಾದ ದಾರಿಯಲ್ಲಿ ಸಿಕ್ಕಿಕೊಂಡು ಹಿಂದೆ ಉಳಿಯುತ್ತದೆ. ಆ ಹೊತ್ತಿನಲ್ಲಿ ಮಿದುಳು ಉಪ್ಪಿನ ಜಾಡಿ, ರಕ್ತ ಸಪ್ಪೆ ನೀರು. ನೀರಿಗೆ ಅಗಲವಾದ ದಾರಿ ಇದ್ದೇ ಇದೆ. ಅದು ಒಳಕ್ಕೆ ನುಗ್ಗುತ್ತದೆ. ತಲೆನೋವು, ವಾಂತಿ, ಹೆಚ್ಚಾದರೆ ಸೆಳವು. ನಿಧಾನವಾಗಿ ನಡೆಸಿದರೆ ಎರಡು ಕಡೆಯ ಯೂರಿಯಾವೂ ಜೊತೆಜೊತೆಯಾಗಿ ಇಳಿಯುತ್ತದೆ. ಕಾಯಿಲೆ ಬಲಿತು ಯೂರಿಯಾ ಬಹಳ ಏರಿರುವ ಮೊದಲ ದಿನಗಳಲ್ಲಿ ಈ ಅಪಾಯ ಹೆಚ್ಚು. ಆ ವೈದ್ಯೆ ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಹಾಸಿಗೆಗೆ ಹೋದ ಮಾತಿನಲ್ಲಿ ಇಷ್ಟೂ ಇತ್ತು.

ಅಣ್ಣನಿಗೆ ಇದನ್ನು ಮಾವಿನ ಮಿಡಿಯ ಉಪಮಾನದಿಂದಲೇ ವಿವರಿಸಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. "ಅಂದ್ರೆ ನನ್ನ ತಲೆ ಉಪ್ಪಿನಕಾಯಿ ಅಂತ ಹೇಳ್ತಾ ಇದೀಯ" ಎಂದ. ಮೂರನೆಯ ವಾರದಿಂದ ನಾಲ್ಕು ಗಂಟೆಯ ಚಿಕಿತ್ಸೆ ಆರಂಭವಾಯಿತು, ವಾರಕ್ಕೆ ಮೂರು ಸಲ. ಗೋಡೆಯ ಗಡಿಯಾರವನ್ನು ಪದೇ ಪದೇ ನೋಡುವುದನ್ನು ಅವನು ಬಿಡಲಿಲ್ಲ. ಆದರೆ ದಾದಿ ಬಂದು ಯಂತ್ರದ ವೇಗವನ್ನು ಸ್ವಲ್ಪ ತಗ್ಗಿಸಿದಾಗ ಮೊದಲಿನಂತೆ ಏಕೆ ಎಂದು ಕೇಳುವುದನ್ನು ಬಿಟ್ಟ. ನನ್ನ ಕಡೆ ತಿರುಗಿ, ಮಿಡಿ ಇನ್ನೂ ನೀರು ಬಿಟ್ಟಿಲ್ಲವೇನೋ ಎನ್ನುತ್ತಿದ್ದ.